ಬೆಲೆ ಕಟ್ಟೋನು ಎರಡನೆಯವನು: ಸಂಗ್ರಹಕಾರರು ಆನ್‌ಲೈನ್ ಹರಾಜಿನಲ್ಲಿ ಕೂಗುವ ಬಗೆ

ನಾನು ಸಂಗ್ರಹಿಸುವುದು ಕೆಜಿಎಫ್‌ನ ಹಳೇ ಕಾಗದ. ಗಣಿ ಕಂಪನಿಗಳ ಷೇರು ಪತ್ರ, ಫೋಟೊ ಪೋಸ್ಟ್‌ಕಾರ್ಡ್, ಮುದ್ರೆ ಬಿದ್ದ ಲಕೋಟೆ, ಯಾವುದೋ ಎಂಜಿನಿಯರ್ ತನ್ನ ಅಮ್ಮನಿಗೆ ಬರೆದ ಪತ್ರ, ಹೀಗೆ. ಚಿನ್ನ ಹೋದ ಕಡೆಗೇ ಕಾಗದವೂ ಹೋಗಿದೆ. ಮೈಸೂರು ಗೋಲ್ಡ್ ಮೈನಿಂಗ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಈ ಕಂಪನಿಗಳೆಲ್ಲ ಲಂಡನ್ನಿನವು. ಗಣಿಗಳನ್ನು ನಡೆಸುತ್ತಿದ್ದವರು ಜಾನ್ ಟೇಲರ್ ಅಂಡ್ ಸನ್ಸ್ ಅನ್ನುವ ಅಲ್ಲಿನ ಸಂಸ್ಥೆ. ಹಾಗಾಗಿ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ತೆಗೆದ ಫೋಟೊ ಇವತ್ತು ಇಂಗ್ಲೆಂಡಿನ ಯಾರದೋ ಮನೆಯ ಅಟ್ಟದಿಂದ ಇಳಿದು ಆನ್‌ಲೈನ್ ಹರಾಜಿಗೆ ಬರುತ್ತದೆ, ಅದನ್ನು ವಾಪಸ್ ಮೂವತ್ತು ಕಿಲೋಮೀಟರ್ ಆಚೆಯ ಕೋಲಾರಕ್ಕೆ ತರಿಸಲು ನಾನು ರಾತ್ರಿ ಎದ್ದು ಪೌಂಡ್ ಲೆಕ್ಕದಲ್ಲಿ ಕೂಗಬೇಕು.

ಶುರುವಿನಲ್ಲಿ ಚೆನ್ನಾಗಿ ದುಡ್ಡು ಕಳೆದೆ. ಕಳೆದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ನಾಣ್ಯದವರಿರಬಹುದು, ಅಂಚೆಚೀಟಿಯವರಿರಬಹುದು, ಬೆಂಕಿಪೊಟ್ಟಣದ ಲೇಬಲ್ ಕೂಡಿಸುವವರಿರಬಹುದು. ವಸ್ತು ಬೇರೆಯಾದರೂ ದಾರಿ ಒಂದೇ.

ಮೊದಲು ಲೆಕ್ಕ ಹೇಗೆ ನಡೆಯುತ್ತದೆ ನೋಡಿ

ನನಗೆ ಹರಾಜು ಕಲಿಸಿದ್ದು ಕಂಪ್ಯೂಟರ್ ಅಲ್ಲ, ನಮ್ಮ ಎಪಿಎಂಸಿ. ಟೊಮ್ಯಾಟೊ ಕಾಲದಲ್ಲಿ ಬೆಳಗ್ಗೆ ಹೋಗಿ ಮಂಡಿ ಮುಂದೆ ಅರ್ಧ ಗಂಟೆ ನಿಂತರೆ ಸಾಕು. ಬಾಕ್ಸ್‌ಗಳ ಸಾಲು, ಮುಂದೆ ಕೂಗುವವರು, ಸುತ್ತ ವ್ಯಾಪಾರಿಗಳು. ನಮ್ಮ ಮಾವ ಅಲ್ಲಿ ವರ್ಷಗಟ್ಟಲೆ ಇದ್ದವರು. ಅವರು ಒಂದು ಸಲ ಹೇಳಿದರು, "ನೀನು ಎಷ್ಟು ಕೂಗ್ತೀಯ ಅನ್ನೋದು ಬಿಡಪ್ಪಾ, ನಿನ್ನ ಪಕ್ಕದೋನು ಎಲ್ಲಿ ನಿಲ್ಲಿಸ್ತಾನೆ ನೋಡು, ರೇಟು ಅವನದು." 2023ರ ಜುಲೈನಲ್ಲಿ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಆಗ ನಮ್ಮ ಹಣ್ಣಿನ ರುಚಿ ಏನೂ ಬದಲಾಗಿರಲಿಲ್ಲ. ಮಾಲು ಕಮ್ಮಿ ಇತ್ತು, ಪಕ್ಕದವನು ನಿಲ್ಲಿಸುತ್ತಿರಲಿಲ್ಲ, ಅಷ್ಟೇ.

ಇಬೇ ತರದ ಜಾಲತಾಣದಲ್ಲಿ ನಡೆಯುವುದೂ ಇದೇ, ಸ್ವಲ್ಪ ನಾಜೂಕಾಗಿ. ನೀವು ನಿಮ್ಮ ಗರಿಷ್ಠ ಮೊತ್ತ ಹಾಕುತ್ತೀರಿ. ಅದು ಯಾರಿಗೂ ಕಾಣುವುದಿಲ್ಲ. ನಿಮ್ಮ ಪರವಾಗಿ ಯಂತ್ರ ಬೇಕಾದಷ್ಟು ಮಾತ್ರ, ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಹೋಗುತ್ತದೆ. ನೀವು 80 ಡಾಲರ್ ಹಾಕಿದ್ದೀರಿ, ಇನ್ನೊಬ್ಬ 52 ಹಾಕಿದ್ದಾನೆ ಅಂದುಕೊಳ್ಳಿ. ನೀವು ಕೊಡುವುದು 80 ಅಲ್ಲ, 53. ಇಬೇಯ ಅಮೆರಿಕದ ತಾಣದಲ್ಲಿ 25ರಿಂದ 100 ಡಾಲರಿನ ಒಳಗೆ ಮೆಟ್ಟಿಲು 1 ಡಾಲರಿನದು, 100 ದಾಟಿದರೆ 250ರವರೆಗೆ ಎರಡೂವರೆ ಡಾಲರಿನದು. ಅಂದರೆ ಗೆಲ್ಲುವವರು ನೀವಾದರೂ ಬೆಲೆ ಬರೆದವನು ಸೋತವನು.

ಇದು ಹೊಸ ಕಂಡುಹಿಡಿತವೂ ಅಲ್ಲ. 1893ರಲ್ಲೇ ಅಮೆರಿಕದ ಅಂಚೆಚೀಟಿ ವ್ಯಾಪಾರಿಗಳು ಅಂಚೆಯಲ್ಲಿ ಬಿಡ್, ಅಂದರೆ ಕೂಗುವ ಮೊತ್ತ, ತರಿಸಿಕೊಂಡು ಎರಡನೇ ಬೆಲೆಗೆ ಮಾರಿದ ದಾಖಲೆ ಇದೆ. ಸಂಗ್ರಹಕಾರರೇ ಇದಕ್ಕೆ ಹಳಬರು! ಆಮೇಲೆ 1961ರಲ್ಲಿ ವಿಲಿಯಂ ವಿಕ್ರೀ ಅನ್ನುವ ಅರ್ಥಶಾಸ್ತ್ರಜ್ಞ ಇದರ ಗಣಿತ ಬರೆದರು, 1996ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ತೋರಿಸಿದ್ದು ಸರಳ. ಎರಡನೇ ಬೆಲೆ ಕೊಡುವ ಹರಾಜಿನಲ್ಲಿ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನೇ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಕಮ್ಮಿ ಹಾಕಿ ಜಾಣತನ ಮಾಡಿದರೆ ಉಳಿಯುವುದು ಏನೂ ಇಲ್ಲ, ವಸ್ತು ಮಾತ್ರ ಕೈತಪ್ಪುತ್ತದೆ. ಸುಮ್ನೆ ಜಾಸ್ತಿ ಹಾಕಿದರೆ ಒಂದು ದಿನ ಇನ್ನೊಬ್ಬ ಹುಚ್ಚನೂ ಜಾಸ್ತಿ ಹಾಕಿರುತ್ತಾನೆ, ಅವತ್ತು ಮನೆಯಲ್ಲಿ ಉತ್ತರ ಕೊಡಬೇಕಾಗುತ್ತದೆ.

ಎರಡು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಇಬ್ಬರೂ ಒಂದೇ ಮೊತ್ತ ಹಾಕಿದ್ದರೆ ಮೊದಲು ಹಾಕಿದವನಿಗೆ ಹೋಗುತ್ತದೆ. ಮತ್ತೆ, ಅಡಗಿರುವ ಮೊತ್ತವನ್ನು ದಾಟಲು ಪೂರ್ತಿ ಮೆಟ್ಟಿಲು ಬೇಕಿಲ್ಲ, ಕೆಲವು ಪೈಸೆ ಜಾಸ್ತಿ ಇದ್ದರೂ ಸಾಕು. ಮನುಷ್ಯರು 50, 75, 100 ಅಂತ ಗುಂಡು ಸಂಖ್ಯೆಯಲ್ಲಿ ನಿಲ್ಲುತ್ತಾರೆ. ಹಾಗಾಗಿ ನಾನು 50 ಅಂತ ಯಾವತ್ತೂ ಹಾಕುವುದಿಲ್ಲ, 51.37 ಅಂತ ಹಾಕುತ್ತೇನೆ. ಮದುವೆ ಮುಯ್ಯಿಗೆ 501 ಬರೆಯುತ್ತೇವಲ್ಲ, ಹಾಗೇ ಅಂದುಕೊಳ್ಳಿ. ಇದರಿಂದ ನನಗೆ ಸಿಕ್ಕ ಕಾರ್ಡ್‌ಗಳು ಮೂರ್ನಾಲ್ಕಾದರೂ ಇವೆ.

ಪುಸ್ತಕ ಇಡಿ

ಇದು ಬೇಜಾರಿನ ಕೆಲಸ, ಆದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಒಂದು ನೋಟ್‌ಬುಕ್ಕೋ ಎಕ್ಸೆಲ್ಲೋ ತೆಗೆದುಕೊಳ್ಳಿ. ನಿಮ್ಮ ವಿಷಯದಲ್ಲಿ ಮಾರಾಟವಾದ ಪ್ರತಿ ವಸ್ತುವನ್ನೂ ಬರೆಯಿರಿ. ನೀವು ಕೂಗಿರಬೇಕು ಅಂತ ಇಲ್ಲ.

ಮಾರಲು ಇಟ್ಟ ಬೆಲೆ ಬರೆಯಬೇಡಿ, ಮಾರಾಟವಾದ ಬೆಲೆ ಬರೆಯಿರಿ. ಇಟ್ಟ ಬೆಲೆ ಅಂದರೆ ಮಾರುವವನ ಆಸೆ. ಊರಿನ ಹೆಸರಲ್ಲಿ ಸಿನಿಮಾ ಬಂದ ಮೇಲಂತೂ ಕೆಜಿಎಫ್ ಅಂತ ಬರೆದ ಪ್ರತಿ ಕಾಗದಕ್ಕೂ ಚಿನ್ನದ ರೇಟು ಹಾಕಿ ಕೂತಿದ್ದಾರೆ, ವರ್ಷಗಟ್ಟಲೆ ಹಾಗೇ ಕೂತಿದ್ದಾರೆ. ಇಬೇಯಲ್ಲಿ ಮಾರಾಟವಾದದ್ದನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಆದರೆ ಅದು ಹಿಂದಿನ ಮೂರು ತಿಂಗಳಷ್ಟೇ ತೋರಿಸುತ್ತದೆ. ನಮ್ಮಂಥವರ ವಸ್ತು ವರ್ಷಕ್ಕೆ ಎರಡು ಸಲ ಬರುವಂಥದ್ದು, ಅದಕ್ಕೇ ಸ್ವಂತ ಪುಸ್ತಕ ಬೇಕು. ನಾಣ್ಯದವರಿಗೆ ಸ್ವಲ್ಪ ಸುಲಭ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ಟೋಡಿವಾಲಾ ತರದ ಹರಾಜು ಮನೆಗಳ ಕ್ಯಾಟಲಾಗ್ ನೋಡಿ, ಅಂದಾಜು ಬೆಲೆ ಪಕ್ಕದಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು ಅಂತ ಬರೆದುಕೊಳ್ಳಬಹುದು. ಅಂದಾಜು ಬೆಲೆಯನ್ನು ನಂಬಿ ಮೋಸ ಹೋಗಬೇಡಿ, ಎಷ್ಟೋ ಸಲ ಅದನ್ನು ಕಮ್ಮಿ ಇಡುವುದು ನಾಲ್ಕು ಜನ ಬರಲಿ ಅಂತ.

ಬೆಲೆಯ ಜೊತೆ ಇನ್ನೊಂದು ಕಾಲಂ ಹಾಕಿ: ಎಷ್ಟು ಜನ ಕೂಗಿದರು. ಬಹಳ ಜನ ಇದನ್ನು ಬಿಡುತ್ತಾರೆ. ಒಂದು ಷೇರು ಪತ್ರ 90ಕ್ಕೆ ಹೋಯಿತು ಅಂದರೆ ಏನೂ ಗೊತ್ತಾಗುವುದಿಲ್ಲ. ಏಳು ಜನ ಕೂಗಿ 90 ಆಗಿದ್ದರೆ ಅದು ನಿಜವಾದ ಬೆಲೆ. ಇಬ್ಬರೇ ಕೊನೆಯ ನಿಮಿಷದಲ್ಲಿ ಜಗಳಕ್ಕೆ ಬಿದ್ದಂತೆ ಏರಿಸಿ 90 ಆಗಿದ್ದರೆ, ಮುಂದಿನ ಸಲ ಗೆದ್ದವನು ಬರುವುದಿಲ್ಲ, ಅವನಿಗೆ ಸಿಕ್ಕಿಯಾಯಿತು. ಆಗ ಅದೇ ಪತ್ರ 35ಕ್ಕೆ ಬೀಳಬಹುದು. ಚೀಟಿ ಎತ್ತಿದವನು ಮುಂದಿನ ತಿಂಗಳು ಕೂಗುವುದಿಲ್ಲ ಅಲ್ವಾ, ಹಾಗೆ. ದೊಡ್ಡ ಬೆಲೆಗೆ ಹೋದ ವಸ್ತುವಿನ ಎರಡನೇ ಪ್ರತಿ ಬಂದಾಗ ತಪ್ಪದೇ ನೋಡಿ.

ನಿಮ್ಮ ವಸ್ತುವನ್ನು ಇನ್ನು ಯಾರು ಯಾರು ಬಯಸುತ್ತಾರೆ ಅಂತಲೂ ಬರೆದಿಡಿ. ಊರಿಗಾಂ ಅಂಚೆ ಮುದ್ರೆ ಇರುವ ಲಕೋಟೆಗೆ ನಾನು ಒಬ್ಬನೇ ಅಲ್ಲ, ಬ್ರಿಟಿಷ್ ಇಂಡಿಯಾದ ಮುದ್ರೆ ಕೂಡಿಸುವವರಿದ್ದಾರೆ, ಅದರ ಮೇಲಿನ ಅಂಚೆಚೀಟಿ ಬೇಕಾದವರಿದ್ದಾರೆ. ಷೇರು ಪತ್ರಕ್ಕೆ ಗಣಿ ಇತಿಹಾಸದವರು ಇದ್ದಾರೆ, ಷೇರು ಪತ್ರವನ್ನೇ ಕೂಡಿಸುವವರು ಇದ್ದಾರೆ. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯಿಂದ ಬಹಳ ಗಣಿ ಕೆಲಸಗಾರರು ಕೆಜಿಎಫ್‌ಗೆ ಬಂದಿದ್ದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ತಾತನ ಫೋಟೊ ಹುಡುಕುತ್ತಿರುತ್ತಾರೆ. ಇವರು ಬಂದರೆ ನಾನು ಸುಮ್ಮನೆ ಹಿಂದೆ ಸರಿಯುತ್ತೇನೆ. ತಾತನ ಮುಖಕ್ಕೆ ಮೊಮ್ಮಗ ಕೊಡುವಷ್ಟು ಬೆಲೆ ಯಾವ ಸಂಗ್ರಹಕಾರನೂ ಕೊಡಲಾರ.

ನಿಮ್ಮ ನಂಬರನ್ನು ಹಿಂದಿನಿಂದ ಲೆಕ್ಕ ಹಾಕಿ

ಮನೆ ಬಾಗಿಲಿಗೆ ಬರುವಾಗ ಒಟ್ಟು ಎಷ್ಟಾಗುತ್ತದೆ ಅನ್ನುವುದೇ ಬೆಲೆ. ಪರದೆಯ ಮೇಲಿನ ಅಂಕಿಯನ್ನು ಮರೆತುಬಿಡಿ.

ಒಂದು ಉದಾಹರಣೆ ಮಾಡೋಣ. ಇಂಗ್ಲೆಂಡಿನ ಒಂದು ಹರಾಜು ಮನೆಯಲ್ಲಿ ಒಂದು ಲಾಟ್, ಅಂದರೆ ಒಂದು ಕೂಗಿಗೆ ಇಟ್ಟ ವಸ್ತು, 60 ಪೌಂಡಿಗೆ ನಿಂತಿತು ಅನ್ನಿ. ಇದು ಹ್ಯಾಮರ್ ಬೆಲೆ. ಇದರ ಮೇಲೆ ಬೈಯರ್ಸ್ ಪ್ರೀಮಿಯಂ, ಅಂದರೆ ಕೊಳ್ಳುವವನಿಂದ ಹರಾಜು ಮನೆ ತೆಗೆದುಕೊಳ್ಳುವ ಶುಲ್ಕ, ಶೇ. 25 ಅಂತ ಇಟ್ಟುಕೊಳ್ಳಿ, 15 ಪೌಂಡ್. ಆ ಪ್ರೀಮಿಯಂ ಮೇಲೆ ಅಲ್ಲಿನ ವ್ಯಾಟ್ ಶೇ. 20, ಅಂದರೆ 3 ಪೌಂಡ್. ನಡುವಿನ ಜಾಲತಾಣದ ಮೂಲಕ ಕೂಗಿದ್ದಕ್ಕೆ ಅವರದು ಶೇ. 5, ಇನ್ನೊಂದು 3 ಪೌಂಡ್, ಅದಕ್ಕೂ ವ್ಯಾಟ್ 60 ಪೆನ್ಸ್. ಪ್ಯಾಕಿಂಗ್, ಅಂಚೆ 12. ಒಟ್ಟು 93.60. ಪೌಂಡಿಗೆ 110 ರೂಪಾಯಿ ಹಿಡಿದರೆ 10,296. ಕಾರ್ಡಿನವರು ವಿದೇಶಿ ವ್ಯವಹಾರಕ್ಕೆ ಶೇ. 3.5 ತೆಗೆದುಕೊಂಡರೆ 360, ಆ ಶುಲ್ಕಕ್ಕೆ ಜಿಎಸ್‌ಟಿ 65. ಸುಮಾರು 10,720 ಆಯಿತು. ಕಸ್ಟಮ್ಸ್ ಸುಂಕ ಇನ್ನೂ ಬಂದೇ ಇಲ್ಲ. 60 ಪೌಂಡ್ ಅಂದರೆ 6,600 ರೂಪಾಯಿ ಅಂತ ಖುಷಿಯಲ್ಲಿದ್ದವನು ನಾನೇ ಆಗಿದ್ದೆ ಒಂದು ಕಾಲದಲ್ಲಿ.

ಈ ಶೇಕಡಾಗಳು ಒಂದೊಂದು ಮನೆಗೆ ಒಂದೊಂದು ತರ. ಹರಾಜಿನ ಷರತ್ತು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಬೇಜಾರಾದರೂ ಓದಿ. ನಮ್ಮ ದೇಶದ ಹರಾಜು ಮನೆಗಳಲ್ಲೂ ಪ್ರೀಮಿಯಂ ಇದೆ, ಜಿಎಸ್‌ಟಿ ಇದೆ. ಸುಂಕದ ವಿಷಯದಲ್ಲಿ ಕೊರಿಯರ್‌ನವರನ್ನು ಮೊದಲೇ ಕೇಳಿ, ಹಳೇ ಕಾಗದಕ್ಕೆ ಏನು ಹಾಕ್ತಾರೆ ಬಿಡು ಅಂದುಕೊಳ್ಳಬೇಡಿ. ನನ್ನ ಒರಟು ಲೆಕ್ಕ ಹೇಳಲಾ? ವಿದೇಶದ ಹರಾಜು ಮನೆಯಾದರೆ ಕೈಯಲ್ಲಿರುವ ದುಡ್ಡಿನಲ್ಲಿ ಅರ್ಧ ಮಾತ್ರ ಕೂಗುವುದಕ್ಕೆ. ಹತ್ತು ಸಾವಿರ ಖರ್ಚು ಮಾಡಬಹುದು ಅಂದರೆ ಐದು ಸಾವಿರದವರೆಗೆ ಕೂಗು. ಉಳಿದದ್ದು ದಾರಿಯಲ್ಲಿರುವವರೆಲ್ಲರಿಗೂ.

ಇನ್ನು ಆ ಐದು ಸಾವಿರದೊಳಗೆ ಎಲ್ಲಿ ನಿಲ್ಲಬೇಕು? ಪುಸ್ತಕ ಒಂದು ಅಂಕಿ ಹೇಳುತ್ತದೆ, ಆಸೆ ಇನ್ನೊಂದು. ನಾನು ಮಾಡುವುದು ಇಷ್ಟು. ಒಂದು ಅಂಕಿ ಬರೆದು, ಇದರ ಮೇಲೆ ಒಂದೇ ಒಂದು ಪೌಂಡ್ ಜಾಸ್ತಿ ಕೂಗಿ ಇನ್ನೊಬ್ಬ ತೆಗೆದುಕೊಂಡು ಹೋದ ಅಂತ ಬೆಳಗ್ಗೆ ಎದ್ದು ನೋಡಿದರೆ ಹೊಟ್ಟೆ ಉರಿಯುತ್ತದಾ ಅಂತ ಕೇಳಿಕೊಳ್ಳುತ್ತೇನೆ. ಉರಿಯುತ್ತದೆ ಅಂದರೆ ಅಂಕಿ ಕಮ್ಮಿ ಆಯಿತು, ಏರಿಸುತ್ತೇನೆ. ಪರವಾಗಿಲ್ಲ ಅವನೇ ಇಟ್ಟುಕೊಳ್ಳಲಿ ಅನ್ನಿಸುವಲ್ಲಿ ನಿಲ್ಲಿಸುತ್ತೇನೆ. ಆ ಅಂಕಿಯನ್ನು ಹಗಲು ಹೊತ್ತಿನಲ್ಲಿ, ಊಟ ಆದ ಮೇಲೆ, ಪೆನ್ನಿನಲ್ಲಿ ಬರೆಯಬೇಕು. ಹರಾಜು ಮುಗಿಯಲು ಎರಡು ನಿಮಿಷ ಇರುವಾಗ ಹುಟ್ಟಿದ ಅಂಕಿಗೆ ಬೆಲೆಯಿಲ್ಲ.

ಬೆಲೆಯಿಲ್ಲ ಅಂತ ಹೇಗೆ ಗೊತ್ತು ಅಂದರೆ, ಒಂದು ರಾತ್ರಿ ಚಾಂಪಿಯನ್ ರೀಫ್‌ನ ಕಾರ್ಡಿಗೆ ನನ್ನ ಅಂಕಿ 22 ಪೌಂಡ್ ಇತ್ತು. ಒಬ್ಬ ಪುಣ್ಯಾತ್ಮ ಎರಡೆರಡು ಪೌಂಡ್ ಏರಿಸುತ್ತಾ ನನ್ನನ್ನು ಕೆಣಕಿದ. ಕೆಣಕಿದ ಅಂತ ನನಗೆ ಅನ್ನಿಸಿದ್ದು, ಅವನಿಗೆ ನಾನು ಯಾರು ಅಂತಲೂ ಗೊತ್ತಿಲ್ಲ. 64ಕ್ಕೆ ಗೆದ್ದೆ. ಐದು ತಿಂಗಳ ನಂತರ ಅದೇ ಕಾರ್ಡ್, ಇನ್ನೂ ಚೊಕ್ಕವಾದದ್ದು, 19ಕ್ಕೆ ಹೋಯಿತು. ನಾನು ಕೂಗಲಿಲ್ಲ, ನನ್ನ ಹತ್ತಿರ ಇತ್ತಲ್ಲ.

ಕೂಗುವ ಮುಂಚೆ ವಸ್ತುವನ್ನು ನೋಡಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಪ್ರತಿ ವಸ್ತುವಿಗೂ ಬೇರೆ ಬೇರೆ. ಹಿಂಬದಿಯ ಫೋಟೊ ಕೇಳಿ. ಅಂಚು, ಮಡಿಕೆ, ಅಂಟು ಟೇಪಿನ ಕಲೆ ಕೇಳಿ. ಷೇರು ಪತ್ರದಲ್ಲಿ ರದ್ದು ಮಾಡಿದ ತೂತು ಇದೆಯಾ, ಸಹಿ ಕೈಯಲ್ಲಿ ಹಾಕಿದ್ದಾ, ಕಂಪನಿಯ ಉಬ್ಬು ಮುದ್ರೆ ಇದೆಯಾ ನೋಡಿ. ಪೋಸ್ಟ್‌ಕಾರ್ಡಾದರೆ ಫೋಟೊವನ್ನು ಹಿಗ್ಗಿಸಿ ನೋಡಿ, ಸಣ್ಣ ಚುಕ್ಕೆಗಳು ಕಂಡರೆ ಅದು ಅಚ್ಚಾದದ್ದು, ನಿಜವಾದ ಫೋಟೊ ಅಲ್ಲ. ಗಣಿ ದೀಪಗಳ ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ. ಹೊಸ ಹಿತ್ತಾಳೆ ದೀಪಕ್ಕೆ ಹಳೇ ಹೆಸರಿನ ತಗಡು ಬಡಿದು ಮಾರುವವರು ಬೇಕಾದಷ್ಟಿದ್ದಾರೆ. ನಾನು ದೀಪ ಮುಟ್ಟುವುದೇ ಇಲ್ಲ.

ಒಂದು ಮಾತು. ಪ್ರಶ್ನೆಯನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಕೇಳಬೇಡಿ, ಖಾಸಗಿ ಸಂದೇಶದಲ್ಲಿ ಕೇಳಿ. "ಇದು 1890ರ ದಶಕದ್ದಾ?" ಅಂತ ನೀವು ಕೇಳಿದರೆ ಮಾರುವವನು ಅದನ್ನೇ ತಲೆಬರಹದಲ್ಲಿ ಸೇರಿಸಿಬಿಡುತ್ತಾನೆ, ನಿಮ್ಮ ವಿದ್ಯೆ ಊರಿಗೆಲ್ಲ ಹಂಚಿದ ಹಾಗೆ.

ಯಾವಾಗ ಕೂಗಬೇಕು

ಮೊದಲು ಹರಾಜು ಯಾವ ಜಾತಿಯದು ಅಂತ ತಿಳಿಯಿರಿ. ಗಡಿಯಾರ ನೋಡಿ ಮುಗಿಯುವ ಹರಾಜು ಒಂದು, ಇಬೇ ಇದ್ದ ಹಾಗೆ. ಕೊನೆಯ ಗಳಿಗೆಯಲ್ಲಿ ಯಾರಾದರೂ ಕೂಗಿದರೆ ಸಮಯ ಮುಂದಕ್ಕೆ ಹೋಗುವ ಹರಾಜು ಇನ್ನೊಂದು.

ಎರಡನೇ ಜಾತಿಯಲ್ಲಿ ಕೊನೆಯ ಸೆಕೆಂಡಿನ ಆಟ ನಡೆಯುವುದಿಲ್ಲ. ನಿಮ್ಮ ಅಂಕಿ ಹಾಕಿ, ಮಲಗಿ.

ಮೊದಲನೇ ಜಾತಿಯಲ್ಲಿ ಕೊನೆಯ ಹತ್ತು ಸೆಕೆಂಡಿನೊಳಗೆ, ಒಂದೇ ಸಲ, ಪೂರ್ತಿ ಅಂಕಿ. ಇದಕ್ಕೆ ಸ್ನೈಪಿಂಗ್ ಅನ್ನುತ್ತಾರೆ. ನಿಜವಾದ ಬೆಲೆ ಹಾಕಿದರೆ ಸಾಕು ಅಂತ ವಿಕ್ರೀ ಹೇಳಿದ್ದರೆ, ಯಾವಾಗ ಹಾಕಿದರೇನು ಅಂತ ಕೇಳಬಹುದು. ಕಾಗದದ ಮೇಲೆ ಹೌದು. ಆದರೆ ಎರಡನೆಯವನು ಮನುಷ್ಯ. ಅವನು 30 ಅಂತ ಹಾಕಿರುತ್ತಾನೆ, ನೀವು ಮೂರು ದಿನ ಮುಂಚೆ ಅವನನ್ನು ದಾಟಿದರೆ ಅವನಿಗೆ ಮೂರು ದಿನ ಯೋಚನೆ ಮಾಡಲು ಸಮಯ ಸಿಕ್ಕಿತು. 30 ಅಂದವನು 40 ಅನ್ನುತ್ತಾನೆ, 45 ಅನ್ನುತ್ತಾನೆ. ಕೊನೆಯ ಎಂಟು ಸೆಕೆಂಡಿನಲ್ಲಿ ಅವನ ಬೆಲೆ ಅವನು ಮೊದಲು ಹಾಕಿದ 30ರಲ್ಲೇ ನಿಲ್ಲುತ್ತದೆ.

ಇನ್ನೊಂದು ಕಾರಣವೂ ಇದೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಇಬೇಯನ್ನು ಅಮೆಜಾನ್ ಆಗ ನಡೆಸುತ್ತಿದ್ದ ಹರಾಜಿನ ಜೊತೆ ಹೋಲಿಸಿ ಬರೆದರು. ಅಮೆಜಾನಿನದು ಸಮಯ ಮುಂದಕ್ಕೆ ಹೋಗುವ ಜಾತಿ. ಕೊನೆಗೆ ಬಂದು ಕೂಗುವುದು ಇಬೇಯಲ್ಲಿ ಜಾಸ್ತಿ ಇತ್ತು, ಇದು ಯಾರಾದರೂ ಊಹಿಸಬಹುದು. ಆದರೆ ಇಬೇಯೊಳಗೂ ಕಂಪ್ಯೂಟರಿಗಿಂತ ಪುರಾತನ ವಸ್ತುಗಳ ಹರಾಜಿನಲ್ಲಿ ಅದು ಜಾಸ್ತಿ ಇತ್ತು. ಕಂಪ್ಯೂಟರಿನ ಬೆಲೆ ಅಂಗಡಿಯಲ್ಲೇ ಗೊತ್ತಾಗುತ್ತದೆ. ಹಳೇ ವಸ್ತುವಿನಲ್ಲಿ ಹಾಗಲ್ಲ, ತಿಳಿದವನು ಕೂಗಿದ ಅಂದರೇ ಇದರಲ್ಲಿ ಏನೋ ಇದೆ ಅಂತ ಉಳಿದವರಿಗೆ ಗೊತ್ತಾಗುತ್ತದೆ. ಹಾಗಾಗಿ ತಿಳಿದವರು ಬಾಯಿ ಮುಚ್ಚಿಕೊಂಡು ಕೂತಿರುತ್ತಾರೆ. ನೀವು ನಿಮ್ಮ ವಿಷಯದಲ್ಲಿ ಪಳಗುತ್ತಾ ಹೋದಂತೆ ಬೇಗ ಕೂಗುವುದು ದುಬಾರಿಯಾಗುತ್ತಾ ಹೋಗುತ್ತದೆ.

ಹೊತ್ತಿನ ಲೆಕ್ಕ. ಇಂಗ್ಲೆಂಡಿನ ಮಾರಾಟಗಾರರು ಭಾನುವಾರ ಸಂಜೆ ಮುಗಿಯುವ ಹಾಗೆ ಇಡುವುದು ಜಾಸ್ತಿ. ಅವರ ರಾತ್ರಿ 8 ಗಂಟೆ ಅಂದರೆ ಬೇಸಿಗೆಯಲ್ಲಿ ನಮಗೆ 12.30, ಚಳಿಗಾಲದಲ್ಲಿ 1.30. ಮಾರ್ಚ್ ಮತ್ತು ಅಕ್ಟೋಬರಿನ ಕೊನೇ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ, ನಾನು ಒಂದು ಸಲ ಇದನ್ನು ಮರೆತು ಒಂದು ಗಂಟೆ ತಡವಾಗಿ ಎದ್ದು ಕೂತಿದ್ದೆ. ಹರಾಜು ಮುಗಿದು ಅವರೆಲ್ಲ ಊಟ ಮಾಡಿ ಆಗಿತ್ತು.

ಕರೆಂಟ್ ಹೋದರೆ? ವೈಫೈ ನಂಬಬೇಡಿ, ಮೊಬೈಲ್ ಡೇಟಾ ತಯಾರಾಗಿರಲಿ, ಮೊದಲೇ ಲಾಗಿನ್ ಆಗಿರಿ. ಮಳೆಗಾಲದ ರಾತ್ರಿಯಾದರೆ ನಾನು ಆಸೆ ಬಿಟ್ಟು ಅರ್ಧ ಗಂಟೆ ಮುಂಚೆಯೇ ಅಂಕಿ ಹಾಕಿ ಮಲಗುತ್ತೇನೆ. ಕೊನೇ ಸೆಕೆಂಡಿನಲ್ಲಿ ನಿಮ್ಮ ಬದಲು ಕೂಗುವ ಸೇವೆಗಳೂ ಇವೆ, ಆದರೆ ಅವಕ್ಕೆ ನಿಮ್ಮ ಖಾತೆಯ ಬೀಗದ ಕೈ ಕೊಡಬೇಕಾಗುತ್ತದೆ. ನನಗೆ ಅದು ಬೇಡ. ನಿಮ್ಮಿಷ್ಟ.

ಹರಾಜುಗಾರ ಎದುರಿಗೆ ನಿಂತು ಕೂಗಿಸುವ ಹರಾಜು

ನಾಣ್ಯದವರಿಗೆ ಇದು ಮುಖ್ಯ. ಹಾಲ್‌ನಲ್ಲಿ ಜನ ಇರುತ್ತಾರೆ, ಪರದೆಯಲ್ಲಿ ನಾವು ಇರುತ್ತೇವೆ, ಜೊತೆಗೆ ಮೊದಲೇ ಬರೆದು ಕೊಟ್ಟ ಆಬ್ಸೆಂಟೀ ಬಿಡ್‌ಗಳು ಇರುತ್ತವೆ. ಮೊದಲ ಸಲವಾದರೆ ನಾಲ್ಕು ದಿನ ಮುಂಚೆ ನೋಂದಣಿ ಮಾಡಿಸಿ. ಪ್ಯಾನ್, ವಿಳಾಸ ಕೇಳುತ್ತಾರೆ. ಕೆಲವರು ಠೇವಣಿ ಕೇಳುತ್ತಾರೆ.

ಇಲ್ಲಿ ಒಂದು ಬಲೆ ಇದೆ. ಮೆಟ್ಟಿಲು ಸಾವಿರ ಸಾವಿರ ಅನ್ನಿ. ನಿಮ್ಮ ಅಂಕಿ 10,000. ಕೂಗು 7,000 ಅವನದು, 8,000 ನಿಮ್ಮದು, 9,000 ಅವನದು, 10,000 ನಿಮ್ಮದು. ಸರಿ. ಆದರೆ ಸರದಿ ಒಂದು ತಪ್ಪಿದರೆ 9,000 ನಿಮ್ಮದಾಗಿ 10,000 ಅವನದಾಗುತ್ತದೆ, ನೀವು ಕೊಡಲು ಸಿದ್ಧವಿದ್ದ ಬೆಲೆಗೇ ವಸ್ತು ಅವನಿಗೆ ಹೋಗುತ್ತದೆ. ಅದಕ್ಕೇ ಆಬ್ಸೆಂಟೀ ಬಿಡ್ ಬರೆಯುವಾಗ "ಬೇಕಾದರೆ ಇನ್ನೊಂದು ಮೆಟ್ಟಿಲು" ಅಂತ ಸೇರಿಸಲು ಬಿಡುತ್ತಾರಾ ಕೇಳಿ. ಬಿಡದಿದ್ದರೆ ಮೆಟ್ಟಿಲನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಅಂಕಿ ಬರೆಯಿರಿ.

ನಾನೂರು ಐನೂರು ಲಾಟ್ ಇರುವ ಮಾರಾಟದಲ್ಲಿ ಜನ ಸುಸ್ತಾಗುತ್ತಾರೆ. ಚಿನ್ನದ ನಾಣ್ಯ, ಟಿಪ್ಪುವಿನ ಆನೆ ನಾಣ್ಯ ಮುಗಿದ ಮೇಲೆ ಅರ್ಧ ಹಾಲ್ ಚಹಾಕ್ಕೆ ಎದ್ದು ಹೋಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮಯಿಲಿ ಕಾಸು ಕೂಡಿಸುವ ನನ್ನ ಗೆಳೆಯನೊಬ್ಬ ಆ ಹೊತ್ತಿಗಾಗಿಯೇ ಕಾಯುತ್ತಾನೆ. ಅವನು ಚಹಾ ಕುಡಿಯುವುದಿಲ್ಲ. ಇನ್ನೊಂದು ಅವನಿಂದ ಕಲಿತದ್ದು: ಒಂದೇ ಮಾರಾಟದಲ್ಲಿ ಐದು ಲಾಟ್ ಬೇಕಿದ್ದರೆ ಐದರ ಒಟ್ಟು ಬಜೆಟ್ ಬರೆಯಬೇಡಿ, ಯಾವುದು ಮೊದಲು ಯಾವುದು ಆಮೇಲೆ ಅಂತ ಬರೆಯಿರಿ. ಇಲ್ಲದಿದ್ದರೆ ಎರಡನೇ ಲಾಟ್‌ನಲ್ಲಿ ಕೈ ಖಾಲಿ, ಐದನೆಯದು ನಿಜವಾಗಿ ಬೇಕಾಗಿದ್ದದ್ದು.

ಎರಡನೆಯವನೇ ಇಲ್ಲದ ಜಾಗ ಹುಡುಕಿ

ಇಲ್ಲಿಯವರೆಗೆ ಹೇಳಿದ್ದೆಲ್ಲ ಎರಡನೆಯವನ ಜೊತೆ ಹೇಗೆ ಹೆಣಗಬೇಕು ಅಂತ. ನನ್ನ ಸಂಗ್ರಹದಲ್ಲಿ ಒಳ್ಳೆಯದೆಲ್ಲ ಬಂದದ್ದು ಅವನು ಇಲ್ಲದ ಕಡೆಯಿಂದ.

ಹಳೇ ಕಾಗುಣಿತ ನಮ್ಮ ಪಾಲಿನ ವರ. ಬ್ರಿಟಿಷರು ನಂದಿದುರ್ಗವನ್ನು ನುಂಡಿಡ್ರೂಗ್ ಅಂತ ಬರೆದರು. ಆ ಬೆಟ್ಟ ಇರುವುದು ಈಗಿನ ಚಿಕ್ಕಬಳ್ಳಾಪುರದಲ್ಲಿ, ಆ ಹೆಸರಿನ ಗಣಿ ಇದ್ದದ್ದು ಕೆಜಿಎಫ್‌ನಲ್ಲಿ, ಮಾರುವವನಿಗೆ ಎರಡೂ ಗೊತ್ತಿಲ್ಲ. ಊರಿಗಾಂಗೆ ಮೂರು ನಾಲ್ಕು ತರದ ಸ್ಪೆಲಿಂಗ್ ಇದೆ, ಕಂಪನಿ ಬರೆದದ್ದು ಒಂದು, ರೈಲು ನಿಲ್ದಾಣದ ಹಲಗೆ ಇನ್ನೊಂದು. ಬಂಗಾರಪೇಟೆ ಹಿಂದೆ ಬೌರಿಂಗ್‌ಪೇಟ್ ಆಗಿತ್ತು. ನಾನು ಇವಿಷ್ಟನ್ನೂ, ಜೊತೆಗೆ ಕೈಬರಹವನ್ನು ತಪ್ಪಾಗಿ ಓದಿದರೆ ಏನಾಗಬಹುದೋ ಅದನ್ನೂ ಪಟ್ಟಿ ಮಾಡಿ ಹುಡುಕಾಟವನ್ನು ಉಳಿಸಿಟ್ಟಿದ್ದೇನೆ, ಹೊಸದು ಬಂದರೆ ಮೊಬೈಲಿಗೆ ಸುದ್ದಿ ಬರುತ್ತದೆ. ಕೋಲಾರ ಅಂತ ಸರಿಯಾಗಿ ಬರೆದದ್ದಕ್ಕೆ ಹನ್ನೆರಡು ಜನ ಬರುತ್ತಾರೆ. ಓ ಇರುವಲ್ಲಿ ಎ ಬರೆದದ್ದಕ್ಕೆ ನಾನೊಬ್ಬನೇ.

ತಪ್ಪು ವಿಭಾಗದಲ್ಲಿ ಹುಡುಕಿ. ಕೆಜಿಎಫ್ ಫೋಟೊಗಳು ಎಷ್ಟೋ ಸಲ ಭಾರತದ ಕೆಳಗೆ ಇರುವುದೇ ಇಲ್ಲ, ಕಾರ್ನ್‌ವಾಲ್ ಗಣಿಗಾರರ ಕೆಳಗೆ ಇರುತ್ತವೆ, ಯಾಕೆಂದರೆ ಆಲ್ಬಂ ಸಿಕ್ಕಿದ್ದು ಆ ಮನೆಯಲ್ಲಿ. ನನ್ನ ಹತ್ತಿರ ಇರುವ ಅತಿ ಒಳ್ಳೆಯ ಫೋಟೊ "ದಕ್ಷಿಣ ಆಫ್ರಿಕಾದ ಗಣಿ, ಇರಬಹುದು" ಅಂತ ಪಟ್ಟಿಯಾಗಿತ್ತು. ಹಿಂದೆ ನಿಂತ ಹೆಂಗಸು ಸೀರೆ ಉಟ್ಟ ರೀತಿ ನಮ್ಮ ಕಡೆಯದು, ಪಕ್ಕದಲ್ಲಿ ನಮ್ಮದೇ ಬಂಡೆಗಳ ಗುಡ್ಡ. ಎರಡು ದಿನ ಉಸಿರು ಬಿಡದೆ ಕೂತೆ. ಎರಡನೇ ಬಿಡ್ ಬರಲೇ ಇಲ್ಲ, ಆರಂಭದ ಬೆಲೆಗೇ ಬಂತು.

ಗಂಟುಮೂಟೆ ಲಾಟ್‌ಗಳನ್ನೂ ಬಿಡಬೇಡಿ. ಮೂವತ್ತು ಕಾರ್ಡ್‌ನ ಗಂಟಿನಲ್ಲಿ ಒಂದು ಮಾತ್ರ ನಿಮಗೆ ಬೇಕಾದದ್ದು. ಎರಡನೆಯವನಿಗೆ ಆ ಒಂದಕ್ಕಾಗಿ ಉಳಿದ ಇಪ್ಪತ್ತೊಂಬತ್ತನ್ನು ಹೊರುವ ತಾಳ್ಮೆ ಇಲ್ಲ. ನಿಮಗೆ ಇದ್ದರೆ ಉಳಿದದ್ದನ್ನು ಮಾರಿ ಬಂದದ್ದರಲ್ಲಿ ಬೆಲೆ ಅರ್ಧ ಇಳಿಯಬಹುದು. ಆದರೆ ನೂರು ವರ್ಷ ದಾಟಿದ್ದನ್ನು ಇಲ್ಲಿಂದ ವಿದೇಶಕ್ಕೆ ಮಾರಲು ಹೋಗಬೇಡಿ. 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ ನೂರು ವರ್ಷದ ಐತಿಹಾಸಿಕ ವಸ್ತು ಪುರಾತನ ವಸ್ತು, ಹಸ್ತಪ್ರತಿಗೆ 75 ವರ್ಷ ಸಾಕು, ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ತರಿಸುವಾಗ ಇರುವ ದಾರಿ ವಾಪಸ್ ಹೋಗುವಾಗ ಮುಚ್ಚಿರುತ್ತದೆ.

ಸುಳ್ಳು ಎರಡನೆಯವನು

ಬೆಲೆ ಕಟ್ಟುವುದು ಎರಡನೆಯವನು ಅಂತ ಮಾರುವವನಿಗೂ ಗೊತ್ತು. ಹಾಗಾಗಿ ಕೆಲವರು ತಾವೇ ಎರಡನೆಯವನನ್ನು ಹುಟ್ಟಿಸುತ್ತಾರೆ. ತಮ್ಮನ ಖಾತೆ, ಗೆಳೆಯನ ಖಾತೆ. ಇದು ಇಬೇ ತರದ ತಾಣಗಳಲ್ಲಿ ನಿಷಿದ್ಧ, ಆದರೂ ನಡೆಯುತ್ತದೆ. ಬಿಡ್‌ಗಳ ಇತಿಹಾಸ ತೆರೆದು ನೋಡಿ. ಒಬ್ಬನೇ ಮಾರಾಟಗಾರನ ವಸ್ತುಗಳಿಗೆ ಮಾತ್ರ ಕೂಗುವ ಖಾತೆ, ಯಾವತ್ತೂ ಗೆಲ್ಲದ ಖಾತೆ, ಸಣ್ಣ ಸಣ್ಣ ಮೆಟ್ಟಿಲಲ್ಲಿ ತಡವಿ ತಡವಿ ಏರಿಸಿ ನಿಮ್ಮ ಗರಿಷ್ಠ ಮುಟ್ಟಿದ ಕೂಡಲೇ ನಿಲ್ಲಿಸುವ ಖಾತೆ. ಮಾರಾಟವಾದ ವಸ್ತು ಎರಡು ವಾರಕ್ಕೆ ಮತ್ತೆ ಪಟ್ಟಿಯಲ್ಲಿ ಕಂಡರೆ ಇನ್ನೂ ಅನುಮಾನ. ಕೊನೆಯ ಸೆಕೆಂಡಿನಲ್ಲಿ ಕೂಗುವುದಕ್ಕೆ ಇದೂ ಒಂದು ಕಾರಣ, ತಡವಲು ಅವರಿಗೆ ಹೊತ್ತೇ ಇರುವುದಿಲ್ಲ.

ಸೋತ ಮೇಲೆ ಒಂದು ಮೇಲ್ ಬರಬಹುದು: ಗೆದ್ದವರು ದುಡ್ಡು ಕೊಡಲಿಲ್ಲ, ನಿಮ್ಮ ಗರಿಷ್ಠ ಮೊತ್ತಕ್ಕೆ ನಿಮಗೇ ಕೊಡುತ್ತೇವೆ ಅಂತ. ಈಗ ಎರಡನೆಯವರು ನೀವು. ಯೋಚನೆ ಮಾಡಿ, ಗೆದ್ದವನೇ ಇಲ್ಲ ಅಂದಮೇಲೆ ನಿಮ್ಮನ್ನು ಆ ಮೊತ್ತದವರೆಗೆ ಏರಿಸಿದವರು ಯಾರು? ಅವನನ್ನು ತೆಗೆದು ಮೂರನೆಯವನ ಮೇಲೆ ಒಂದು ಮೆಟ್ಟಿಲು ಎಷ್ಟಾಗುತ್ತದೋ ಅದಷ್ಟೇ ನ್ಯಾಯ. ನಾನು ಆ ಲೆಕ್ಕ ಬರೆದು ವಿನಯವಾಗಿ ಕಳಿಸುತ್ತೇನೆ. ಕೆಲವರು ಒಪ್ಪಿದ್ದಾರೆ, ಒಬ್ಬರು ಬೈದಿದ್ದಾರೆ.

ಇದರ ತಿರುಗುಮುರುಗಾದದ್ದೂ ಇದೆ. ಕೊಳ್ಳುವವರೇ ಒಳ ಒಪ್ಪಂದ ಮಾಡಿಕೊಂಡು ಒಬ್ಬ ಮಾತ್ರ ಕೂಗುವುದು. ಚೀಟಿ ನಡೆಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಇಂಗ್ಲೆಂಡಿನಲ್ಲಿ ವ್ಯಾಪಾರಿಗಳು ಹೀಗೆ ಏನಾದರೂ ಕೊಟ್ಟು ಇನ್ನೊಬ್ಬನ ಬಾಯಿ ಮುಚ್ಚಿಸುವುದನ್ನು 1927ರಲ್ಲೇ ಕಾನೂನು ಮಾಡಿ ಅಪರಾಧ ಅಂದರು. ನಾವು ಗೆಳೆಯರು ಇಷ್ಟು ಮಾಡುತ್ತೇವೆ: ಅವನು ನಾಣ್ಯ, ನಾನು ಕಾಗದ, ಒಬ್ಬರ ಹೊಲಕ್ಕೆ ಇನ್ನೊಬ್ಬರು ಇಳಿಯುವುದಿಲ್ಲ. ಅದಕ್ಕಿಂತ ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಗೆದ್ದ ಮೇಲೆ

ಅವತ್ತೇ ದುಡ್ಡು ಕೊಡಿ. ಸಣ್ಣ ಲೋಕ ಇದು, ಬೇಗ ಕೊಡುವವರನ್ನು ಮಾರುವವರು ನೆನಪಿಟ್ಟುಕೊಳ್ಳುತ್ತಾರೆ, ಮುಂದಿನ ಸಲ ಹರಾಜಿಗೆ ಹಾಕುವ ಮುಂಚೆ ನಿಮ್ಮನ್ನೇ ಕೇಳುತ್ತಾರೆ. ಗಟ್ಟಿ ರಟ್ಟಿನ ನಡುವೆ ಇಟ್ಟು ಪ್ಲಾಸ್ಟಿಕ್ ಸುತ್ತಿ ಕಳಿಸಲು ಹೇಳಿ, ಹೇಳದಿದ್ದರೆ ಜೂನ್ ತಿಂಗಳಲ್ಲಿ ಬಂದ ನನ್ನ ಲಕೋಟೆಯ ಗತಿಯೇ ಆಗುತ್ತದೆ. ಪೆಟ್ಟಿಗೆ ತೆರೆಯುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ. ಬಿಲ್ಲು, ಪಟ್ಟಿಯ ಪುಟ, ಬಿಡ್ ಇತಿಹಾಸ ಮೂರನ್ನೂ ಉಳಿಸಿಡಿ. ಆಮೇಲೆ ಪುಸ್ತಕ ತೆಗೆದು ಎರಡು ಅಂಕಿ ಬರೆಯಿರಿ, ನೀವು ಕೊಡಲು ಸಿದ್ಧವಿದ್ದದ್ದು ಎಷ್ಟು, ಕೊಟ್ಟದ್ದು ಎಷ್ಟು. ನಡುವೆ ದೊಡ್ಡ ಅಂತರ ಇರುವ ಸಾಲುಗಳನ್ನು ಆಗಾಗ ಓದುವುದು ನನಗೆ ಖುಷಿ ಕೊಡುವ ಕೆಲಸ. ಅಂತರವೇ ಇಲ್ಲದ ಸಾಲು ಕಂಡರೆ ಆ ರಾತ್ರಿ ಎದುರಿಗೆ ಯಾರಿದ್ದರು ಅಂತ ಹುಡುಕುತ್ತೇನೆ.

ಈ ಭಾನುವಾರ ರಾತ್ರಿ ಊರಿಗಾಂ ನಿಲ್ದಾಣದ ಒಂದು ಕಾರ್ಡ್ ಇದೆ, ಸ್ಪೆಲಿಂಗ್ ಸರಿಯಾಗಿಯೇ ಬರೆದಿದ್ದಾರೆ, ನನ್ನ ದುರದೃಷ್ಟ. ನನ್ನ ಅಂಕಿ ಪೆನ್ನಿನಲ್ಲಿ ಬರೆದಾಗಿದೆ. ಹೇಳುವುದಿಲ್ಲ, ಎರಡನೆಯವರು ನೀವೇ ಇರಬಹುದು.